ಅದೊಂದು ಮಾತು ಬಿಟ್ಟು

ಗುಣವಾಗದ ಕಾಯಿಲೆಗೆ ಚಿಕಿತ್ಸೆ ಯಾಕೆ ಎನ್ನುವವರಿಗೆ ಎಲೆಕ್ಟ್ರೋಕೀಮೋಥೆರಪಿಯ ವಿಷಯ ಹೇಳಬೇಕು. ಬ್ಲಿಯೋಮೈಸಿನ್ ಹಳೆಯ ಕ್ಯಾನ್ಸರ್ ಔಷಧಿ. ಜೀವಕೋಶದ ಒಳಹೊಕ್ಕರೆ ಬಲು ಉಗ್ರ, ಆದರೆ ಪೊರೆ ದಾಟುವುದೇ ಕಷ್ಟ. ಔಷಧಿ ಚುಚ್ಚಿ, ಗಡ್ಡೆಗೆ ಎಲೆಕ್ಟ್ರೋಡ್ ಹಿಡಿದು, ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಚಿಕ್ಕದಾದ 8 ವಿದ್ಯುತ್ ಮಿಡಿತ ಕೊಟ್ಟರೆ ಪೊರೆ ಸ್ವಲ್ಪ ಹೊತ್ತು ಸಡಿಲಾಗುತ್ತದೆ, ಔಷಧಿ ಒಳಗೆ ಹೋಗುತ್ತದೆ. ನಮ್ಮ ಬ್ಯಾಂಕ್ ಲಾಕರಿನ ಹಾಗೆ, ಒಂದೇ ಕೀಲಿಯಿಂದ ತೆರೆಯದು. ಫ್ರಾನ್ಸಿನ ಲೂಯಿ ಮೀರ್ ಮತ್ತು ಸಂಗಡಿಗರು 1991ರಲ್ಲಿ ಮೊದಲ ರೋಗಿಗಳ ವರದಿ ಪ್ರಕಟಿಸಿದರು. 2013ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಚರ್ಮಕ್ಕೆ ಹಬ್ಬಿದ ಗಡ್ಡೆಗಳ ಉಪಶಮನಕ್ಕೆ ಇದನ್ನು ಒಪ್ಪಿತು.

ಉಪಶಮನಕ್ಕೆ. ಎಲ್ಲ ತಂಟೆ ಇರುವುದು ಈ ಪದದಲ್ಲೇ. ಮಿಡಿತ ತಗಲಿದ ಗಡ್ಡೆ ಕರಗಬಹುದು. ಬೇರೆ ಅಂಗಗಳಿಗೆ ಹಬ್ಬಿದ್ದು ಹಾಗೇ ಉಳಿಯುತ್ತದೆ.

ಧಾರವಾಡದ ಕಡೆಯ ನೆಂಟನೊಬ್ಬ ಫೋನ್ ಮಾಡಿ, "ಕಾಕಾ, ಅವ್ವಗ ಕರೆಂಟ್ ಕೊಡಸೂಣೇನ್ರಿ?" ಎಂದ. ಸ್ತನದ ಕ್ಯಾನ್ಸರ್ ಎದೆಯ ಚರ್ಮಕ್ಕೆ ಹಬ್ಬಿ ಹುಣ್ಣಾಗಿದೆ. ರಕ್ತ, ವಾಸನೆ. ಆಕೆ ಎಲ್ಲರ ಜೊತೆ ಊಟಕ್ಕೆ ಕೂಡುವುದನ್ನು ಬಿಟ್ಟಿದ್ದಾಳೆ, ಮೊಮ್ಮಗಳನ್ನು ಹತ್ತಿರ ಕರೆಯುವುದಿಲ್ಲ. ಸಾಲ ಕೊಡುವಾಗ ಮರುಪಾವತಿ ಎಲ್ಲಿಂದ ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಇಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ಆ ಹುಣ್ಣು ಒಣಗಿ ಆಕೆ ಮತ್ತೆ ಪಂಕ್ತಿಗೆ ಬಂದರೆ ಖರ್ಚು ಮಾಡಿದ್ದು ಸಾರ್ಥಕವೆಂದೇ ನನ್ನ ಎಣಿಕೆ.

ನನ್ನ ತಕರಾರು ಅವನ ಮುಂದಿನ ಮಾತಿಗೆ. "ಪೂರಾ ಗುಣ ಆಗಂಗಿಲ್ಲ ಅನ್ನೋದೊಂದು ಬಿಟ್ಟು ಹೇಳ್ರಿ." ಪರೇಲಿನ ಟಾಟಾ ಆಸ್ಪತ್ರೆಗೆ ಊರಿನವರ ಜೊತೆ ಹೋಗುವ ಮುಂಬಯಿ ಕನ್ನಡಿಗರಿಗೆಲ್ಲ ಇದು ಗೊತ್ತು. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುವವರು ನಾವು. ಒಂದು ವಾಕ್ಯ ನುಂಗಿದರೆ ಕೇಳುವವರಿಲ್ಲ. ಪ್ರೀತಿಯಿಂದಲೇ ನುಂಗುತ್ತೇವೆ, ನಿಜ. ಆದರೆ ಖರ್ಚಿಗೆ ಅಡವಿಡಬೇಕೆಂದಿರುವ ಹೊಲ ಆಕೆಯ ಹೆಸರಿನಲ್ಲಿದೆ, ನೋವು ತಿನ್ನುವ ಮೈಯೂ ಆಕೆಯದೇ. ಷರತ್ತು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರಕ್ಕೆ ಏನು ಬೆಲೆ? ಧೈರ್ಯ ಕುಗ್ಗುತ್ತದೆ ಎನ್ನುತ್ತಾರೆ. ಕುಗ್ಗಬಹುದು. ಆದರೂ "ಹುಣ್ಣು ಒಣಗಲಿ, ಅಷ್ಟು ಸಾಕು" ಎನ್ನುವ ಹಕ್ಕು, "ಬ್ಯಾಡ, ಹೊಲ ಮಕ್ಕಳಿಗಿರಲಿ" ಎನ್ನುವ ಹಕ್ಕು, ಎರಡೂ ಆಕೆಯವು. ನಾನು ಪಕ್ಕದಲ್ಲಿ ಕೂತರೆ ಡಾಕ್ಟರ ಮಾತು ಪೂರ್ತಿ ಹೇಳುತ್ತೇನೆ, ಮೆಲ್ಲಗೆ, ಧಾರವಾಡದ ಕನ್ನಡದಲ್ಲೇ. ಅದಕ್ಕೆ ಒಪ್ಪದಿದ್ದರೆ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಲಿ.