ಎಲ್ಲರೂ ಬಂದು ಸೇರುವ ತನಕ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ ಸೂಪರ್ ಕಂಪ್ಯೂಟರ್ ‘ಸಹಸ್ರ-ಟಿ’ಯಲ್ಲಿ 1,376 ನೋಡ್‌ಗಳು, ಅಂದರೆ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರ್‌ಗಳು, ಒಂದೊಂದರಲ್ಲೂ ಲೆಕ್ಕ ಮಾಡುವ 24 ಕೋರ್, ಒಟ್ಟು 33,024. ಅದೇ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ದ ಶಕ್ತಿ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಈ ಅಂಕಿಗಳು ಬೆರಗು ಹುಟ್ಟಿಸುತ್ತವೆ, ನಿಜ. ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಲೆಕ್ಕ ಶುರುವಾಗುವ ಮೊದಲಿನ ಗಳಿಗೆ.

ಆಂಧ್ರದ ಮಂಗಳಗಿರಿಯ ಕುಣಿಮಗ್ಗದಲ್ಲಿ ಲಾಳಿ ಓಡುವ ಮೊದಲು ಹಾಸಿನ ಎಳೆಗಳನ್ನೆಲ್ಲ ಒಂದೊಂದಾಗಿ ಪೋಣಿಸಿ ಬಿಗಿದಿರುತ್ತಾರೆ. ಸೀರೆ ಉಟ್ಟವರಿಗೆ ಆ ದುಡಿಮೆ ಕಾಣುವುದಿಲ್ಲ. ನೋಡ್‌ಗಳು ಕೂಡಿದ ಕ್ಲಸ್ಟರಿನಲ್ಲಿ ಅಂಥ ದುಡಿಮೆ, ಕೆಲಸವನ್ನು ನೋಡ್‌ಗಳಲ್ಲಿ ಶುರುಮಾಡಿಸುವ ಸ್ಲರ್ಮ್, ಪಿಎಂಐಎಕ್ಸ್‌ನಂಥ ತಂತ್ರಾಂಶಗಳದು.

ಎಬ್ಬಿಸುವ ಒಂದು ಬಗೆ ಹೀಗೆ: ಒಂದು ನೋಡ್ ಇನ್ನೊಂದನ್ನು ಎಬ್ಬಿಸುತ್ತದೆ. ಎದ್ದವೆರಡೂ ಮತ್ತೆರಡನ್ನು ಎಬ್ಬಿಸುತ್ತವೆ. ಹೀಗೆ ದುಪ್ಪಟ್ಟಾಗುತ್ತ ಹೋದರೆ 1,376 ನೋಡ್‌ಗಳಿಗೆ 11 ಸುತ್ತು ಸಾಕು. ಎಲ್ಲ ಕಡೆಯೂ ಸಾಮಾನ್ಯವಾಗಿ ಓಡುವುದು ಒಂದೇ ಪ್ರೋಗ್ರಾಂ, ಒಂದಕ್ಷರವೂ ಬೇರೆಯಿಲ್ಲ. ಆ ಪ್ರೋಗ್ರಾಮಿನ ಓಡುತ್ತಿರುವ ಒಂದೊಂದು ಪ್ರತಿಯೂ ಒಂದು ಪ್ರೋಸೆಸ್. ಎದ್ದ ಪ್ರತಿಯೊಂದು ಪ್ರೋಸೆಸ್ ಮೊದಲು ಕೇಳುವುದು ಎರಡೇ ಪ್ರಶ್ನೆ: ನಾವು ಒಟ್ಟು ಎಷ್ಟು? ಅದರಲ್ಲಿ ನಾನು ಎಷ್ಟನೆಯದು? ಸಿಕ್ಕ ಆ ಎರಡು ಸಂಖ್ಯೆಗಳಿಂದಲೇ ಅದು ತನ್ನ ಪಾಲಿನ ಕೆಲಸವನ್ನು ತಿಳಿದುಕೊಳ್ಳುತ್ತದೆ. ಮುಂಗಾರಿನ ಲೆಕ್ಕವಾದರೆ ಒಂದಕ್ಕೆ ಆಗುಂಬೆಯ ಮೇಲಿನ ಆಕಾಶ, ಇನ್ನೊಂದಕ್ಕೆ ಬಂಗಾಳ ಕೊಲ್ಲಿಯ ಒಂದು ತುಣುಕು.

ಇನ್ನು ಪರಿಚಯ. ಕೋರಿಗೊಂದರಂತೆ 33,024 ಪ್ರೋಸೆಸ್‌ಗಳು ಪರಸ್ಪರ ಮಾತಾಡಹೊರಟರೆ ಜೋಡಿಗಳೇ 54 ಕೋಟಿ ದಾಟುತ್ತವೆ. ಅದಕ್ಕೇ ಪ್ರತಿಯೊಂದೂ ತನ್ನ ವಿಳಾಸವನ್ನು ಎಲ್ಲರ ಕೈಗೆಟಕುವಂತೆ ಇಡುತ್ತದೆ. ಯಾರಿಗೆ ಯಾರು ಬೇಕೋ ಅವರ ವಿಳಾಸ ಬೇಕಾದಾಗ ಸಿಗುತ್ತದೆ. ಆಮೇಲೆ ಬರುವುದು ‘ಬ್ಯಾರಿಯರ್’. ಮೊದಲು ತಲುಪಿದ ಪ್ರೋಸೆಸ್ ಅಲ್ಲಿ ನಿಲ್ಲುತ್ತದೆ. ಕೊನೆಯದು ಬಂದು ಮುಟ್ಟುವವರೆಗೂ ಯಾವುದೂ ಹೆಜ್ಜೆ ಮುಂದಿಡುವುದಿಲ್ಲ.

ಕ್ಷಣವನ್ನು ಕೋಟಿ ಪಾಲು ಮಾಡಿ ಬಳಸುವ ಯಂತ್ರ ಇನ್ನೊಬ್ಬರಿಗಾಗಿ ಕಾಯುತ್ತದೆ! ವೇಗವೆಂದರೆ ಮುಂದೆ ಓಡುವುದು ಎಂದೇ ನಾವು ಬಗೆದಿದ್ದೇವೆ. ಇಲ್ಲಿ ಒಬ್ಬಂಟಿಯಾಗಿ ಮುಂದೋಡಿದ ಪ್ರೋಸೆಸ್‌ಗೆ ಪಕ್ಕದ ಆಕಾಶದಲ್ಲಿ ಬೀಸುವ ಗಾಳಿಯೇ ತಿಳಿಯದು. ಅದರ ಮಳೆ ಸುಳ್ಳಾಗುತ್ತದೆ. ಹಿಂದುಳಿದವರಿಗಾಗಿ ನಿಲ್ಲುವುದನ್ನು ನಾವು ದಯೆ ಎನ್ನುತ್ತೇವೆ. ಎಲ್ಲರೂ ಕೂಡಿ ಮಾಡಬೇಕಾದ ಕೆಲಸದಲ್ಲಿ ಅದು ದಯೆಗಿಂತ ದೊಡ್ಡದು, ಉತ್ತರ ಸರಿಬರಲು ಇರುವ ದಾರಿಯೇ ಅದು.