ಜೀರ್ಣೋದ್ಧಾರವೋ, ಪರಿಗ್ರಹವೋ?

ಪಂಚಾಣುವ್ರತಗಳಲ್ಲಿ ಗೃಹಸ್ಥನಿಗೆ ಅತ್ಯಂತ ಕಠಿಣವಾದುದು ಯಾವುದೆಂದು ಕೇಳಿದರೆ ಪರಿಗ್ರಹ ಪರಿಮಾಣವ್ರತವೆಂದೇ ಹೇಳಬೇಕಾಗುತ್ತದೆ. ಕೊಲ್ಲಬಾರದು, ಸುಳ್ಳಾಡಬಾರದು, ಕದಿಯಬಾರದು ಎಂಬ ವ್ರತಗಳಲ್ಲಿ ತಪ್ಪು ಎಲ್ಲಿ ಆರಂಭವಾಗುವುದೆಂಬುದು ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತದೆ. ಆದರೆ ಎಷ್ಟನ್ನು ಇರಿಸಿಕೊಳ್ಳುವುದು ಅಗತ್ಯ, ಎಲ್ಲಿಂದಾಚೆಗೆ ಅದು ಆಸೆ ಎಂಬ ಗೆರೆಯನ್ನು ಎಳೆಯಬೇಕಾದವನು ವ್ರತಿಯೇ ಆಗಿರುವುದರಿಂದ, ಆ ಗೆರೆಯನ್ನು ಸ್ವಲ್ಪ ಸ್ವಲ್ಪವಾಗಿ ಆಚೆಗೆ ಸರಿಸುವವನೂ ಅವನೇ ಆಗುತ್ತಾನೆ. ಈ ಮಾತನ್ನು ಒಂದು ಹೊಸ ಉದಾಹರಣೆಯ ಮೂಲಕ ವಿಚಾರಿಸಬೇಕೆಂದು ಈ ಲೇಖನದ ಉದ್ದೇಶ.

ಉತ್ತರ ಅಮೆರಿಕದಲ್ಲಿ ನೆಲೆಸಿರುವ ಜೈನ ಕುಟುಂಬಗಳಲ್ಲಿ ಈಗ ಎರಡನೆಯ, ಮೂರನೆಯ ತಲೆಮಾರು ಬೆಳೆದಿದೆ. ಅಲ್ಲಿಯ ಸಂಘಗಳ ಒಕ್ಕೂಟವಾದ 'ಜೈನಾ' 1981ರಲ್ಲಿ ಸ್ಥಾಪಿತವಾಯಿತು. ಮೋಟಾರು ಉದ್ಯಮದ ತವರಾದ ಡೆಟ್ರಾಯಿಟ್ ನಗರದ ಬಳಿ, ಫಾರ್ಮಿಂಗ್‌ಟನ್ ಹಿಲ್ಸ್‌ನಲ್ಲಿಯೂ ಜಿನಮಂದಿರವಿದೆ. ಆ ನಾಡಿನಲ್ಲಿ ಹಳೆಯ ಕಾರೊಂದನ್ನು ಕೊಂಡು, ಮನೆಯ ಗ್ಯಾರೇಜಿನಲ್ಲಿ ಸ್ವತಃ ಬಿಚ್ಚಿ, ಅದರ ಒಳಭಾಗವನ್ನು ಮೊದಲಿನಂತೆ ಕಟ್ಟುವುದು ಅನೇಕರ ಹವ್ಯಾಸ. ಅಲ್ಲಿರುವ ನಮ್ಮ ಬಂಧುವರ್ಗದ ತರುಣನೊಬ್ಬನು ಕೇಳಿದನು: "ಈ ಕೆಲಸ ಶ್ರಾವಕನಿಗೆ ಸಲ್ಲುವುದೇ? ಹಾಳಾಗುವ ವಸ್ತುವನ್ನು ಉಳಿಸುವುದರಿಂದ ಇದು ಮಿತವ್ಯಯವೇ, ಅಥವಾ ಬೇಡದ ವಸ್ತುವಿಗೆ ಅಂಟಿಕೊಳ್ಳುವುದರಿಂದ ಪರಿಗ್ರಹವೇ?" ಪ್ರಶ್ನೆಯು ವಿನೋದದ್ದೆಂದು ತಳ್ಳಿಹಾಕತಕ್ಕದ್ದಲ್ಲ.

ಅಲ್ಲಿಯವರು 'ಮಸಲ್ ಕಾರ್' ಎಂದು ಕರೆಯುವುದು ಮಧ್ಯಮ ಗಾತ್ರದ, ಸಾಮಾನ್ಯವಾಗಿ ಎರಡು ಬಾಗಿಲಿನ ಕಾರಿಗೆ ಬಹಳ ದೊಡ್ಡ ಎಂಜಿನ್ ಕೂಡಿಸಿದ ಒಂದು ವರ್ಗವನ್ನು. 1964ರ ಪಾಂಟಿಯಾಕ್ ಜಿಟಿಒದಿಂದ ಈ ವರ್ಗ ಪ್ರಸಿದ್ಧಿಗೆ ಬಂದಿತು. ಅದರ ಎಂಜಿನ್ 389 ಘನ ಅಂಗುಲ, ಅಂದರೆ ಸುಮಾರು 6.4 ಲೀಟರ್, ಶಕ್ತಿ 325 ಅಶ್ವಬಲ. ಹೊರೆ ಸಾಗಿಸಲಿಕ್ಕಲ್ಲ, ಕುಟುಂಬವನ್ನು ಕರೆದೊಯ್ಯಲಿಕ್ಕೂ ಅಲ್ಲ. ವೇಗದ ಉತ್ಸಾಹಕ್ಕಾಗಿ ಮಾಡಿದ ವಾಹನ ಅದು. ವಿಮೆಯ ದರಗಳು ಏರಿದುದು, 1970ರ ವಾಯುಶುದ್ಧಿ ಕಾಯಿದೆ, 1973ರ ತೈಲ ಬಿಕ್ಕಟ್ಟು ಇವುಗಳಿಂದ ಆ ಕಾಲ ಮುಗಿಯಿತು. ಪಾಂಟಿಯಾಕ್ ಎಂಬ ಹೆಸರಿನ ಕಾರುಗಳ ತಯಾರಿಕೆಯೇ 2010ರ ವೇಳೆಗೆ ನಿಂತುಹೋಯಿತು. ಆದರೂ ಉಳಿದ ಕಾರುಗಳ ಮೇಲಿನ ಮೋಹ ನಿಂತಿಲ್ಲ.

ಈಗ ಕೆಲಸದ ಸ್ವರೂಪವನ್ನು ನೋಡೋಣ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ತಳಕ್ಕೆ ಬೋಲ್ಟುಗಳಿಂದ ಬಿಗಿದಿರುವ ಆಸನಗಳನ್ನು ಹೊರತೆಗೆಯುತ್ತಾರೆ. ಬಿಚ್ಚಿದ ತಿರುಪುಗಳನ್ನು ಚೀಟಿ ಅಂಟಿಸಿದ ಚೀಲಗಳಲ್ಲಿ ಬೇರೆ ಬೇರೆಯಾಗಿ ಇಡುತ್ತಾರೆ. ನೆಲಹಾಸನ್ನು ಎತ್ತಿದರೆ, ಕೆಳಗಿನ ಸೆಣಬಿನ ಪದರವು ವರ್ಷಗಟ್ಟಲೆ ನೀರು ಹೀರಿ ತಳದ ತಗಡನ್ನು ತುಕ್ಕು ಹಿಡಿಸಿರುವುದು ಅನೇಕ ವೇಳೆ ಕಾಣುತ್ತದೆ. ನೀರು ಗಾಜಿನ ಅಂಚಿನಿಂದ ಸೋರಿರುತ್ತದೆ; ಆ ಸೋರಿಕೆಯನ್ನು ಮುಚ್ಚದೆ ಹೊಸ ಹಾಸು ಹಾಸಿದರೆ ಶ್ರಮ ವ್ಯರ್ಥ. ಅನಂತರ ಆಸನದ ಹಳೆಯ ಹೊದಿಕೆಯನ್ನು ಕಿತ್ತು, ಸ್ಪ್ರಿಂಗುಗಳನ್ನು ಸರಿಪಡಿಸಿ, ಅವುಗಳ ಮೇಲೆ ಗೋಣಿಬಟ್ಟೆ ಮತ್ತು ಫೋಮ್ ಇರಿಸಿ, ಹೊಸ ಹೊದಿಕೆಯನ್ನು ಬಿಸಿಲಿನಲ್ಲಿ ಮೆತ್ತಗಾಗಿಸಿ, ನಡುವಿನಿಂದ ಅಂಚಿನ ಕಡೆಗೆ ಎಳೆಯುತ್ತಾ ಚಿಕ್ಕ ಉಕ್ಕಿನ ಬಳೆಗಳಿಂದ ಬಂಧಿಸುತ್ತಾರೆ. ಈ ಬಳೆಗಳಿಗೆ 'ಹಾಗ್ ರಿಂಗ್', ಅಂದರೆ ಹಂದಿಯ ಉಂಗುರ ಎಂದು ಹೆಸರು. ಹಂದಿಗಳು ನೆಲವನ್ನು ಅಗೆಯದಂತೆ ಅವುಗಳ ಮೂಗಿಗೆ ಚುಚ್ಚುತ್ತಿದ್ದ ಉಂಗುರದಿಂದ ಈ ಹೆಸರು ಬಂದಿತು. ಮನುಷ್ಯನ ಸುಖಾಸನದ ಚರಿತ್ರೆಯಲ್ಲಿ ಪ್ರಾಣಿಯ ನೋವು ಎಲ್ಲಿ ಅಡಗಿರುವುದೋ ಹೇಳಲಾಗದು!

ಮೊದಲ ವಿಚಾರ ಅಹಿಂಸೆಯದು. ಬಹುಕಾಲ ನಿಂತ ಕಾರಿನ ಆಸನಗಳಲ್ಲಿ ಇಲಿಗಳು ಗೂಡು ಕಟ್ಟುತ್ತವೆ. ಜೇಡ, ಇರುವೆ ಮೊದಲಾದವು ಮೂಲೆಗಳಲ್ಲಿ ನೆಲೆಸಿರುತ್ತವೆ. ಎತ್ತುವಾಗ, ಇಡುವಾಗ ನೋಡಿ ನಡೆಯಬೇಕೆಂಬ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ಹೇಳಿದುದಾದರೂ, ಅದರ ಅಂಶವನ್ನು ಶ್ರಾವಕನೂ ಪಾಲಿಸಬೇಕು. ಆರಂಭೀ ಹಿಂಸೆಯು ಗೃಹಸ್ಥನಿಗೆ ಪೂರ್ಣವಾಗಿ ತಪ್ಪದು. ಆದರೆ ನೋಡದೆ ಮಾಡಿದ ಹಿಂಸೆಯು ಪ್ರಮಾದ, ಕಂಡೂ ಮಾಡಿದ ಹಿಂಸೆಯು ಸಂಕಲ್ಪ. ಗೂಡಿನಲ್ಲಿ ಮರಿಗಳಿದ್ದರೆ ಕೆಲಸವನ್ನು ನಿಲ್ಲಿಸತಕ್ಕದ್ದು. ಇಲಿಯ ಮರಿ ಹಾಲು ಬಿಡಲು ಮೂರು ವಾರ ಸಾಕು. ಐವತ್ತು ವರ್ಷ ಹಳೆಯದಾದ ಕಾರು ಇನ್ನೊಂದು ತಿಂಗಳು ಕಾಯಲಾರದೇ? ಅವು ಹೋದ ಮೇಲೆ ಒಣಗಿದ ಕಸವನ್ನು ಹಾಗೆಯೇ ಗುಡಿಸದೆ, ಮುಖವಸ್ತ್ರ ಧರಿಸಿ, ತೇವ ಮಾಡಿ ತೆಗೆಯಬೇಕು. ಆ ದೇಶದ ಕೆಲವು ಇಲಿಗಳ ಮಲದ ಧೂಳಿನಿಂದ ಹ್ಯಾಂಟಾ ವೈರಸ್ ಎಂಬ ಘೋರ ರೋಗ ಹರಡುವುದುಂಟು. ಕೊನೆಗೆ ಅವು ಒಳಬಂದ ರಂಧ್ರಗಳನ್ನು ಮುಚ್ಚಿದರೆ ಮುಂದೆ ಕೊಲ್ಲುವ ಪ್ರಸಂಗವೇ ಬಾರದು.

ಚರ್ಮದ ಪ್ರಶ್ನೆ ಇದಕ್ಕಿಂತ ತೊಡಕಿನದು. ಸಂತೋಷದ ಸಂಗತಿಯೆಂದರೆ, ಈ ಕಾರುಗಳಲ್ಲಿ ಹೆಚ್ಚಿನವುಗಳ ಮೂಲ ಹೊದಿಕೆ ಚರ್ಮದ್ದಲ್ಲ, ವಿನೈಲಿನದು. ಪಾಂಟಿಯಾಕ್ ಸಂಸ್ಥೆ ತನ್ನ ವಿನೈಲಿಗೆ 'ಮೊರೊಕೈಡ್' ಎಂದು ಹೆಸರಿಟ್ಟಿತ್ತು. ಆದುದರಿಂದ ಮೂಲದಂತೆ ಇರಬೇಕೆನ್ನುವವನಿಗೂ ಚರ್ಮ ಬೇಕಿಲ್ಲ. ಆದರೆ 1969ರ ಡಾಡ್ಜ್ ಚಾರ್ಜರ್‌ನ ಎಸ್‌ಇ ಮಾದರಿಯಂಥ ಕೆಲವದರಲ್ಲಿ ಮುಂದಿನ ಆಸನಗಳಿಗೆ ಚರ್ಮವೇ ಇತ್ತು. ಅಲ್ಲಿ ಏನು ಮಾಡತಕ್ಕದ್ದು? ಹೊಸ ಚರ್ಮ ಕೊಂಡರೆ ಕೃತವಲ್ಲದಿದ್ದರೂ ಕಾರಿತ ಮತ್ತು ಅನುಮೋದನೆಯ ದೋಷ ತಪ್ಪದು, ಕೊಳ್ಳುವವನಿದ್ದುದರಿಂದಲೇ ಸುಲಿಯುವವನಿದ್ದಾನೆ. 'ಮೂಲರೂಪ' ಎಂಬುದು ಹವ್ಯಾಸಿಗಳ ನಿಯಮವೇ ಹೊರತು ವ್ರತವಲ್ಲ. ವಿನೈಲ್ ಅಥವಾ ಬಟ್ಟೆ ಹೊದಿಸಿ, ಹಾಗೆಂದು ಹೇಳಿದರೆ ಅಹಿಂಸೆಯೂ ಉಳಿಯಿತು, ಸತ್ಯವೂ ಉಳಿಯಿತು. ಕಿತ್ತ ಹಳೆಯ ಚರ್ಮವನ್ನು ಕೊಡುವುದರಿಂದ ಮತ್ತೊಬ್ಬನ ಹೊಸ ಖರೀದಿ ತಪ್ಪುವುದಾದರೆ ಬೆಲೆಯಿಲ್ಲದೆ ಕೊಡಬಹುದು. ಮಾರಿ ಹಣ ಗಳಿಸಿದರೆ ಅದು ಚರ್ಮದ ವ್ಯಾಪಾರವೇ ಆಯಿತು.

ವಿನೈಲ್ ನಿರ್ದೋಷವೆಂದು ಇದರ ಅರ್ಥವಲ್ಲ. ಅದು ಪೆಟ್ರೋಲಿಯಂ ಮೂಲದ ಪದಾರ್ಥಕ್ಕೆ ಕ್ಲೋರಿನ್ ಸೇರಿಸಿ ಮಾಡಿದ ಪ್ಲಾಸ್ಟಿಕ್. ಎಸೆದರೆ ಮಣ್ಣಿನಲ್ಲಿ ಕರಗದು, ಸುಟ್ಟರೆ ವಿಷಹೊಗೆ. ಆದುದರಿಂದ ಹರಿದುದನ್ನು ಮಾತ್ರ ಬದಲಿಸಿ, ಚೆನ್ನಾಗಿರುವುದನ್ನು ಉಳಿಸಿಕೊಳ್ಳಬೇಕು. ಎರಡು ಬಾಗಿಲಿನ ಕಾರಿನಲ್ಲಿ ಹಿಂದಿನ ಆಸನದಲ್ಲಿ ಕೂರುವವರು ವಿರಳವಾದುದರಿಂದ ಅದು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ.

ಆದರೆ ಪರಿಗ್ರಹದ ಪರೀಕ್ಷೆ ಆರಂಭವಾಗುವುದು ಇಲ್ಲಿಯೇ. ಮುಂದಿನ ಆಸನ ಹೊಸದಾದ ಕೂಡಲೇ, ನಿನ್ನೆಯವರೆಗೆ ಚೆನ್ನಾಗಿದ್ದ ಹಿಂದಿನ ಆಸನ ಮಾಸಿದಂತೆ ಕಾಣುತ್ತದೆ. ಎರಡೂ ಹೊಸದಾದರೆ ನೆಲಹಾಸು ಹಳೆಯದು. ನೆಲಹಾಸಾದ ಮೇಲೆ ಬಾಗಿಲಿನ ಒಳಹಲಗೆ, ಆಮೇಲೆ ಬಿಸಿಲಿಗೆ ಬಿರಿದ ಡ್ಯಾಶ್‌ಬೋರ್ಡ್, ಕೊನೆಗೆ ಹೊರಗಿನ ಬಣ್ಣ. ವಸ್ತುವು ಹಾಳಾದುದರಿಂದ ಹುಟ್ಟಿದ ಅಗತ್ಯ ಮೊದಲನೆಯದು ಮಾತ್ರ. ಮಿಕ್ಕವೆಲ್ಲ ಹೋಲಿಕೆಯಿಂದ ಹುಟ್ಟಿದವು. ನಲವತ್ತು ವರ್ಷ ಜವಳಿ ಅಂಗಡಿಯಲ್ಲಿ ಕುಳಿತ ನನಗೆ ಈ ಕ್ರಮ ಪರಿಚಿತವಾದುದೇ. ಒಂದು ಸೀರೆಗೆಂದು ಬಂದವರು ನಾಲ್ಕು ಕೊಳ್ಳುವುದು ವ್ಯಾಪಾರಿಯ ಮಾತಿನಿಂದಲ್ಲ, ಮೊದಲನೆಯ ಸೀರೆಯ ಹೊಳಪಿನಿಂದ.

ಉಮಾಸ್ವಾಮಿಗಳು ಪರಿಗ್ರಹಕ್ಕೆ ಲಕ್ಷಣ ಹೇಳುವಾಗ ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು ಹೆಸರಿಸಿದರು. ಹೊರಗಿನ ಪರಿಗ್ರಹ ಹತ್ತು ವಿಧವಾದರೆ ಒಳಗಿನದು ಹದಿನಾಲ್ಕು ವಿಧ. ಕ್ರೋಧ, ಮಾನ, ಮಾಯೆ, ಲೋಭಗಳು ಅದರಲ್ಲಿಯೇ ಸೇರಿವೆ. ಹಾಗಾದರೆ ಎಲ್ಲರ ಮೂರ್ಛೆಯೂ ಸಮಾನವೇ ಎಂಬ ಆಕ್ಷೇಪಕ್ಕೆ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹುಲ್ಲು ಮೇಯುವ ಜಿಂಕೆಮರಿಯನ್ನೂ ಇಲಿ ಹಿಡಿಯುವ ಬೆಕ್ಕನ್ನೂ ದೃಷ್ಟಾಂತವಾಗಿ ಕೊಟ್ಟು, ಮೂರ್ಛೆಯಲ್ಲಿ ಮಂದ ತೀವ್ರ ಭೇದವುಂಟೆಂದು ತೋರಿಸಿದ್ದಾರೆ. ಕಾರಿನ ವಿಷಯದಲ್ಲಿ ಆ ಭೇದವನ್ನು ತಿಳಿಯುವುದು ಸುಲಭ. ಹೊಸದಾಗಿ ಹೊದಿಸಿದ ಆಸನದ ಮೇಲೆ ಮನೆಯ ಮಗು ಹಾಲು ಚೆಲ್ಲಿದಾಗ ಯಜಮಾನನ ಕಣ್ಣು ಮೊದಲು ಹೋಗುವುದು ಎಲ್ಲಿಗೆ, ಮಗುವಿನ ಮೇಲೋ ಕಲೆಯ ಮೇಲೋ? ಕಲೆಯ ಮೇಲೆ ಹೋಗಿ ಕೈ ಮಗುವಿನ ಮೇಲೆ ಎದ್ದಿತಾದರೆ, ಆ ಕಾರು ಗ್ಯಾರೇಜಿನಲ್ಲಿಲ್ಲ, ಆತ್ಮಪ್ರದೇಶದಲ್ಲಿದೆ ಎಂದು ತಿಳಿಯಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಅತಿವಾಹನವನ್ನೇ ಮೊದಲು ಹೇಳಿದ್ದಾರೆ. ಲೋಭದಿಂದ ಎತ್ತು ಕುದುರೆಗಳನ್ನು ಮಿತಿಮೀರಿ ಓಡಿಸುವುದು ಅದರ ಅರ್ಥ. ಯಂತ್ರಕ್ಕೆ ನೋವಿಲ್ಲ; ಆದರೆ ಓಡಿಸುವವನ ಮನಸ್ಸಿನ ಲೋಭ ಅದೇ. ಅತಿಸಂಗ್ರಹ, ಅತಿವಿಸ್ಮಯಗಳೂ ಆ ಪಟ್ಟಿಯಲ್ಲಿವೆ. ಒಂದು ಕಾರು ಮುಗಿಯುವ ಮೊದಲೇ ಮತ್ತೊಂದನ್ನು ತರುವುದು, ಪರರ ಕಾರನ್ನು ಕಂಡು ಬೆರಗಾಗಿ ಕೊರಗುವುದು ಇವು ಇಂದಿನ ರೂಪಗಳು.

ಮೂರನೆಯದು ಸತ್ಯ ಮತ್ತು ಅಚೌರ್ಯ. ಈ ಕಾರುಗಳಿಗೆ ಇಂದು ಬೆಲೆ ಬಂದಿರುವುದರಿಂದ ವಂಚನೆಯೂ ಬಂದಿದೆ. 1964ರ ಜಿಟಿಒ ಎಂಬುದು ಲೆಮಾನ್ಸ್ ಎಂಬ ಸಾಧಾರಣ ಕಾರಿಗೆ ಹೆಚ್ಚುವರಿಯಾಗಿ ಕೂಡಿಸಿದ ಸಲಕರಣೆಗಳ ಕಟ್ಟು ಆಗಿದ್ದುದರಿಂದ, ಲೆಮಾನ್ಸ್‌ಗೆ ಅವೇ ಸಲಕರಣೆ ಜೋಡಿಸಿ ಜಿಟಿಒ ಎಂದು ತೋರಿಸುವುದು ಸಾಧ್ಯ. ತನ್ನ ಸಂತೋಷಕ್ಕಾಗಿ ಹಾಗೆ ಮಾಡಿಕೊಂಡು, ಹಾಗೆಂದು ಹೇಳಿದರೆ ದೋಷವಿಲ್ಲ. ಹೇಳದೆ ಮಾರಿದರೆ ಅದು ಅಚೌರ್ಯಾಣುವ್ರತದ ಅತಿಚಾರವಾದ ಪ್ರತಿರೂಪಕ ವ್ಯವಹಾರ. ಒಳಭಾಗದ ಮೂಲ ಬಣ್ಣ, ಹೊದಿಕೆಗಳನ್ನು ಸಂಕೇತದಿಂದ ತಿಳಿಸುವ ಲೋಹದ ಫಲಕವನ್ನು ಬದಲಿಸಿದರೆ ಕೂಟಲೇಖಕ್ರಿಯೆ. ಕಾರಿನ ಗುರುತು ಸಂಖ್ಯೆಯನ್ನು ತಿದ್ದುವುದಂತೂ ಅಮೆರಿಕದ ಕಾನೂನಿನಲ್ಲಿಯೂ ಅಪರಾಧ. ಯಾವುದು ಮೂಲ, ಯಾವುದು ಹೊಸದು ಎಂಬುದನ್ನು ರಸೀತಿ ಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟು, ಮಾರುವ ದಿನ ಅದನ್ನು ಕಾರಿನೊಡನೆ ಕೊಡುವುದು ಶ್ರಾವಕನಿಗೆ ಯೋಗ್ಯ.

ಇನ್ನೊಂದು ಆಕ್ಷೇಪ ಉಳಿದಿದೆ. ಬಸದಿಗಳ ಜೀರ್ಣೋದ್ಧಾರವನ್ನು ನಾವು ಪುಣ್ಯಕಾರ್ಯವೆನ್ನುತ್ತೇವೆ. ಹಳೆಯ ಕಾರಿನ ಜೀರ್ಣೋದ್ಧಾರ ಮಾತ್ರ ಏಕೆ ಬೇರೆ? ಎರಡರಲ್ಲಿಯೂ ಕೈಕೆಲಸ ಒಂದೇ: ಸೋರಿಕೆಯನ್ನು ಹುಡುಕುವುದು, ಗಟ್ಟಿಯಾದುದನ್ನು ಉಳಿಸುವುದು, ಹೊಸದನ್ನು ಹಳೆಯದೆಂದು ತೋರಿಸದಿರುವುದು. ಟ್ರಸ್ಟುಗಳ ಬಂಧುಗಳು ಈ ಮೂರನ್ನೂ ಗಮನಿಸಬೇಕು. ಚೆನ್ನಾಗಿರುವ ಶಿಲೆಯನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಸಿದಾಗ ನಾವೂ 'ಹಿಂದಿನ ಆಸನ ಮಾಸಿತು' ಎಂಬ ಭ್ರಮೆಗೇ ಒಳಗಾಗಿರುತ್ತೇವೆ. ಭೇದವಿರುವುದು ಯಾರಿಗಾಗಿ ಎಂಬುದರಲ್ಲಿ. ಬಸದಿ ನನ್ನದಲ್ಲ, ಅದನ್ನು ದುರಸ್ತಿ ಮಾಡಿದವನು ಅದನ್ನು ಮನೆಗೆ ಒಯ್ಯುವುದಿಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಅಲ್ಲಿ ಅವು ಬಂದವರೆಲ್ಲರ ನೋಟಕ್ಕೆ ತೆರೆದಿವೆ. ನೋಡುವ ಸಂತೋಷ ಹಂಚಿಹೋದಷ್ಟೂ 'ನನ್ನದು' ಎಂಬ ಭಾವ ತೆಳುವಾಗುತ್ತದೆ. ಬಟ್ಟೆ ಮುಚ್ಚಿ ಬೀಗ ಹಾಕಿದಷ್ಟೂ ಅದು ದಪ್ಪವಾಗುತ್ತದೆ.

ಆದುದರಿಂದ ಆ ತರುಣನ ಪ್ರಶ್ನೆಗೆ ಉತ್ತರ ಹೀಗೆ. ಕೆಲಸವು ನಿಷಿದ್ಧವಲ್ಲ, ಪರಿಮಾಣವಿಲ್ಲದ ಕೆಲಸ ನಿಷಿದ್ಧ. ಮೊದಲ ಬೋಲ್ಟ್ ಬಿಚ್ಚುವ ಮುನ್ನವೇ ಎಷ್ಟು ಹಣ, ಎಷ್ಟು ದಿನ, ಯಾವ ಯಾವ ಭಾಗ ಎಂದು ಬರೆದು, ಮನೆಯವರ ಎದುರಿಗೆ ಸಹಿ ಮಾಡಬೇಕು. ಸಾಮಾಯಿಕದ ಹೊತ್ತು, ಮಕ್ಕಳ ಹೊತ್ತು ಅದಕ್ಕೆ ಸಲ್ಲಬಾರದು. ಭೋಗೋಪಭೋಗ ಪರಿಮಾಣದಲ್ಲಿ ಈ ಕಾರು ಸೇರಿದರೆ ಮತ್ತೊಂದು ಉಪಭೋಗ ಹೊರಗೆ ಹೋಗಬೇಕು. ಒಂದು ಕಡೆ ಮಾತ್ರ ಮಿತಿಯನ್ನು ಮೀರಬಹುದು: ಹಳೆಯ ಸೀಟುಬೆಲ್ಟುಗಳ ನೇಯ್ಗೆ ದುರ್ಬಲವಾಗಿರುತ್ತದೆ. ಅಮೆರಿಕದಲ್ಲಿ ಮುಂದಿನ ಆಸನಗಳಿಗೆ ಭುಜದ ಬೆಲ್ಟು ಕಡ್ಡಾಯವಾದುದೇ 1968ರ ಜನವರಿ 1ರಿಂದ. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಅನೇಕಕ್ಕೆ ಅದು ಇಲ್ಲ. ಅಲ್ಲಿ ಮೂಲರೂಪವನ್ನು ಬಿಟ್ಟು ಹೊಸ, ಭದ್ರವಾದ ಬೆಲ್ಟನ್ನೇ ಹಾಕಬೇಕು. ಕೂರುವ ಜೀವಕ್ಕಿಂತ ಆಸನ ದೊಡ್ಡದಲ್ಲ.

ಇಷ್ಟನ್ನು ಪಾಲಿಸಿ ಮುಗಿಸಿದ ಮೇಲೆ, ಯಾರಾದರೂ ಯೋಗ್ಯರು ಕೇಳಿದರೆ ಸಂತೋಷದಿಂದ ಬಿಟ್ಟುಕೊಡಬಲ್ಲೆನೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಕೊಡಬಲ್ಲೆನೆಂದು ಮನಸ್ಸು ಹೇಳಿದರೆ ಅವನು ವಸ್ತುವನ್ನು ಉಳಿಸಿದನು. ಹೇಳದಿದ್ದರೆ ವಸ್ತು ಅವನನ್ನು ಇರಿಸಿಕೊಂಡಿತು. ಬಲ್ಲ ವಾಚಕರು ವಿಚಾರಿಸಿ ನೋಡಲಿ.