ಕಾಡಿನ ಕೊಲೆಯಲ್ಲಿ ನಾಡಿನ ಪಾಲು

ಸರ್ವಲೋಕಗಳ ಪ್ರಭುವಾದ ಅಲ್ಲಾಹನಿಗೆ ಸ್ತುತಿ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಅವನ ಕೃಪೆ ಮತ್ತು ಶಾಂತಿ ಇರಲಿ.



ಮದ್ರಸಕ್ಕೆ ಸೇರಿದ ಮೊದಲ ವರ್ಷದಲ್ಲೇ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಪುಟ್ಟ ಅಧ್ಯಾಯಗಳಲ್ಲಿ ‘ಅಲ್‌ಫೀಲ್’ ಒಂದು. ಫೀಲ್ ಎಂದರೆ ಆನೆ. ಯಮನಿನ ಅಬ್ರಹನು ಆನೆಯೊಡನೆ ಸೈನ್ಯ ಕಟ್ಟಿಕೊಂಡು ಕಅಬಾ ಭವನವನ್ನು ಕೆಡವಲು ಬಂದುದು, ಅಲ್ಲಾಹನು ಅವನ ಸಂಚನ್ನು ಮಣ್ಣುಗೂಡಿಸಿದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಆ ಘಟನೆಯ ಒಂದು ಅಂಶವನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಪ್ರವಾದಿ ಚರಿತ್ರೆಯ ಗ್ರಂಥಗಳು ತಿಳಿಸುವಂತೆ, ಸೈನ್ಯದ ಮುಂದಿದ್ದ ಮಹ್ಮೂದ್ ಎಂಬ ಆನೆ ಮಕ್ಕಾದ ದಿಕ್ಕಿಗೆ ಹೆಜ್ಜೆಯಿಡಲು ಒಪ್ಪದೆ ಮಂಡಿಯೂರಿ ಕುಳಿತುಬಿಟ್ಟಿತು. ಹೊಡೆದರೂ ಏಳಲಿಲ್ಲ. ಬೇರೆ ದಿಕ್ಕಿಗೆ ತಿರುಗಿಸಿದರೆ ಎದ್ದು ನಡೆಯುತ್ತಿತ್ತು. ಅಪರಾಧ ಆನೆಯದಾಗಿರಲಿಲ್ಲ, ಅದನ್ನು ಹೊಡೆದುಕೊಂಡು ಬಂದ ಮನುಷ್ಯನದಾಗಿತ್ತು.

ಪವಿತ್ರ ಕುರ್‌ಆನ್ ಭೂಮಿಯಲ್ಲಿ ನಡೆದಾಡುವ ಪ್ರಾಣಿಗಳಿಗೂ ಆಕಾಶದಲ್ಲಿ ಹಾರುವ ಹಕ್ಕಿಗಳಿಗೂ ಬಳಸಿರುವ ಪದ ಯಾವುದು ಬಲ್ಲಿರಾ? ‘ಉಮ್ಮತ್’ (6:38). ನಾವು ನಮ್ಮ ಬಗ್ಗೆ ಅಭಿಮಾನದಿಂದ ಹೇಳಿಕೊಳ್ಳುವ ಅದೇ ಪದ! ಅವೂ ನಮ್ಮಂತೆಯೇ ಸಮುದಾಯಗಳು. ಅವುಗಳಿಗೂ ಒಬ್ಬ ಒಡೆಯನಿದ್ದಾನೆ. ಒಂದು ಇರುವೆ ಕಚ್ಚಿತೆಂದು ಇರುವೆಗೂಡನ್ನೇ ಸುಡಿಸಿದ ಪೂರ್ವಕಾಲದ ಪ್ರವಾದಿಯೊಬ್ಬರಿಗೆ, ಅಲ್ಲಾಹನನ್ನು ಕೊಂಡಾಡುತ್ತಿದ್ದ ಒಂದು ಸಮುದಾಯವನ್ನೇ ನಾಶ ಮಾಡಿದಿರಲ್ಲ ಎಂಬ ಆಕ್ಷೇಪ ಅಲ್ಲಾಹನಿಂದ ಬಂದುದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಇರುವೆಯ ವಿಷಯದಲ್ಲೇ ಹೀಗಾದರೆ ಆನೆಯ ವಿಷಯದಲ್ಲಿ ಹೇಗಿದ್ದೀತು?

ದಂತದ ಹಿಂದಿರುವ ರಕ್ತ

ಆನೆಯ ದಂತದ ಸುಮಾರು ಮೂರನೆಯ ಒಂದು ಭಾಗ ತಲೆಬುರುಡೆಯೊಳಗೆ ಹುದುಗಿರುತ್ತದೆ. ಆದ್ದರಿಂದ ಕಳ್ಳಬೇಟೆಗಾರ ಅದನ್ನು ಪೂರ್ತಿ ಪಡೆಯಬೇಕಾದರೆ ಆನೆಯನ್ನು ಕೊಂದು, ಮುಖವನ್ನು ಕಡಿದೇ ತೆಗೆಯುತ್ತಾನೆ. ನಮ್ಮ ದೇಶದ ಹೆಣ್ಣಾನೆಗೆ ಉದ್ದನೆಯ ದಂತವಿಲ್ಲ. ಗಂಡುಗಳಲ್ಲೂ ಎಲ್ಲಕ್ಕೂ ಇರುವುದಿಲ್ಲ. ಹೀಗಾಗಿ ಬೇಟೆಗೆ ಬಲಿಯಾಗುವುದು ಪ್ರಾಯಕ್ಕೆ ಬಂದ ಸಲಗಗಳೇ. ಹೆಣ್ಣಾನೆ ಮರಿಯನ್ನು ಗರ್ಭದಲ್ಲಿ ಹೊರುವುದು ಸುಮಾರು 22 ತಿಂಗಳು. ಒಂದು ಮರಿಗೂ ಮತ್ತೊಂದಕ್ಕೂ ನಾಲ್ಕೈದು ವರ್ಷಗಳ ಅಂತರ. ಒಂದು ಕಾಡಿನ ಸಲಗಗಳನ್ನು ಕೆಲವೇ ವರ್ಷಗಳಲ್ಲಿ ಮುಗಿಸಬಹುದು. ಆ ನಷ್ಟ ತುಂಬಲು ಒಂದು ತಲೆಮಾರು ಸಾಲದು.

ಕರ್ನಾಟಕವು ಭಾರತದಲ್ಲೇ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ. 2023ರ ಎಣಿಕೆಯಲ್ಲಿ ಇಲ್ಲಿ 6,395 ಆನೆಗಳಿವೆಯೆಂದು ಅಂದಾಜಿಸಲಾಯಿತು. ಇಷ್ಟು ಉಳಿದಿರುವುದು ತಾನಾಗಿ ಅಲ್ಲ, ಇದಕ್ಕಾಗಿ ಮನುಷ್ಯರೂ ಪ್ರಾಣ ತೆತ್ತಿದ್ದಾರೆ. ಗೋಪಿನಾಥಂ ಗ್ರಾಮದ ವೀರಪ್ಪನ್ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ದಂತಕ್ಕಾಗಿ ಆನೆಗಳನ್ನು ಕೊಂದು, ಆಮೇಲೆ ಗಂಧದ ಮರಕ್ಕೆ ಕೈಹಾಕಿ, ಕೊನೆಗೆ ಮನುಷ್ಯರನ್ನೂ ಕೊಲ್ಲತೊಡಗಿದ. ಶರಣಾಗುತ್ತಾನೆಂಬ ಮಾತನ್ನು ನಂಬಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1991ರ ನವೆಂಬರ್ 10ರಂದು ಹತರಾದರು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುದಾಳಿಯಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ತಮ್ಮ ಸಂಗಡಿಗರೊಂದಿಗೆ ಪ್ರಾಣ ಕಳೆದುಕೊಂಡರು.

ಶಕೀಲ್ ಅಹ್ಮದರ ತಂದೆ ಅಬ್ದುಲ್ ಕರೀಮ್ ಸ್ವತಃ ನಿವೃತ್ತ ಪೊಲೀಸ್ ಅಧಿಕಾರಿ. 2000ನೇ ಇಸವಿಯಲ್ಲಿ ವೀರಪ್ಪನ್ ನಟ ರಾಜಕುಮಾರರನ್ನು ಅಪಹರಿಸಿದಾಗ, ಅವನ ಸಹಚರರೆಂದು ಬಂಧಿತರಾದವರ ಮೇಲಿನ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಸರಕಾರ ಮುಂದಾಯಿತು. ಮಗನನ್ನು ಕಳೆದುಕೊಂಡ ಆ ಮುದುಕ ಕತ್ತಿ ಹಿಡಿಯಲಿಲ್ಲ, ಶಾಪ ಹಾಕುತ್ತಾ ಕೂರಲೂ ಇಲ್ಲ. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅದೇ ವರ್ಷ ನವೆಂಬರ್ 7ರಂದು ನ್ಯಾಯಾಲಯ ಅವರ ಅರ್ಜಿಯನ್ನು ಎತ್ತಿಹಿಡಿಯಿತು. ಕಾನೂನು ತನ್ನ ದಾರಿಯಲ್ಲೇ ನಡೆಯಬೇಕೆಂದು ಒಬ್ಬ ತಂದೆ ಹಟ ಹಿಡಿದ ಈ ಚರಿತ್ರೆಯನ್ನು ನಮ್ಮ ಮಕ್ಕಳು ತಿಳಿದಿರಬೇಕು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ.

ಈಗ ನಮ್ಮ ಪ್ರಶ್ನೆ ಇದು. ವೀರಪ್ಪನ್ ಆ ದಂತಗಳನ್ನು ತಿಂದನೇ? ತನ್ನ ಗುಡಿಸಲಿನ ಗೋಡೆಗೆ ತೂಗುಹಾಕಿದನೇ? ಇಲ್ಲ, ಮಾರಿದ. ಕಾಡಿನಲ್ಲಿ ಕೊಂದವನ ಹೆಸರು ನಮಗೆಲ್ಲ ಗೊತ್ತು. ನಾಡಿನಲ್ಲಿ ಕೊಂಡವರ ಹೆಸರು ಯಾರಿಗೂ ಗೊತ್ತಿಲ್ಲ. ಅಲ್ಲಾಹನಿಗೆ ಮಾತ್ರ ಗೊತ್ತು!

ಕೊಳ್ಳುವವನೂ ಪಾಲುದಾರ

ವೈಟ್‌ಫೀಲ್ಡ್‌ನ ಓದುಗರು ಕೇಳಬಹುದು: “ನಾವಿರುವುದು ಕಂಪನಿಗಳ, ಅಪಾರ್ಟ್‌ಮೆಂಟ್‌ಗಳ ನಡುವೆ. ಕಾಡುಗೋಡಿಯ ಹೆಸರಿನಲ್ಲಿ ಉಳಿದಷ್ಟು ಕಾಡು ಅದರ ನೆಲದಲ್ಲಿ ಉಳಿದಿಲ್ಲ. ಆನೆಯ ಕೊಲೆಗೂ ನಮಗೂ ಏನು ಸಂಬಂಧ?”

ಸಂಬಂಧವಿದೆ. ಮದ್ಯದ ವಿಷಯದಲ್ಲಿ ಪ್ರವಾದಿವರ್ಯರು(ಸ) ಕುಡಿದವನನ್ನು ಮಾತ್ರ ಶಪಿಸಲಿಲ್ಲ. ಹಿಂಡಿದವನು, ಹೊತ್ತವನು, ಮಾರಿದವನು, ಕೊಂಡವನು ಎಂದು ಹತ್ತು ಮಂದಿಯನ್ನು ಎಣಿಸಿದರೆಂದು ತಿರ್ಮಿದಿಯ ವರದಿಯಲ್ಲಿದೆ. ಒಂದು ಪಾಪ ಒಬ್ಬನ ಕೈಯಿಂದ ನಡೆಯುವುದಿಲ್ಲ. ಅದು ಕೈಯಿಂದ ಕೈಗೆ ಸಾಗುತ್ತದೆ. ಪಾಪ ಹಾಗೂ ಅತಿಕ್ರಮದಲ್ಲಿ ಪರಸ್ಪರ ನೆರವಾಗಬಾರದೆಂಬ ಕುರ್‌ಆನಿನ ಆಜ್ಞೆ (5:2) ಇಡೀ ಸಾಲಿಗೆ ಅನ್ವಯಿಸುತ್ತದೆ. ಆ ಸಾಲಿನ ಒಂದು ತುದಿಯಲ್ಲಿ ಬಂದೂಕು ಹಿಡಿದ ಬಡವ, ಮತ್ತೊಂದು ತುದಿಯಲ್ಲಿ ಹಣದ ಚೀಲ ಹಿಡಿದ ಸಿರಿವಂತ. ಸಿರಿವಂತ ಕೈ ಹಿಂದೆಗೆದರೆ ಬಂದೂಕಿಗೆ ಕೆಲಸವಿಲ್ಲ.

ಈ ಎರಡನೆಯ ತುದಿ ನಮ್ಮ ಊರಿನಲ್ಲೇ ಇದೆ. 2023ರ ಅಕ್ಟೋಬರಿನಲ್ಲಿ, ವೈಟ್‌ಫೀಲ್ಡ್‌ಗೆ ತಾಗಿದ ವರ್ತೂರಿನ ಒಬ್ಬರು ಟಿ.ವಿ. ಕಾರ್ಯಕ್ರಮದಲ್ಲಿ ಹುಲಿಯುಗುರಿನ ಪದಕ ತೊಟ್ಟು ಕಾಣಿಸಿಕೊಂಡರೆಂದು ಅರಣ್ಯ ಇಲಾಖೆ ಅವರನ್ನು ಬಂಧಿಸಿತು. ಬಳಿಕ ಜಾಮೀನು ಸಿಕ್ಕಿತು. ಒಬ್ಬರ ಹೆಸರನ್ನು ಎತ್ತಾಡುವುದು ನಮ್ಮ ಉದ್ದೇಶವಲ್ಲ. ಪರನಿಂದೆ ನಮಗೆ ನಿಷಿದ್ಧ. ಆದರೆ ಆ ಪ್ರಕರಣದ ಬೆನ್ನಲ್ಲೇ ರಾಜ್ಯದಾದ್ಯಂತ ಎಷ್ಟು ಕೊರಳುಗಳ ಕಡೆಗೆ ಬೆರಳು ತೋರಿತು, ಎಷ್ಟು ಮನೆಗಳಲ್ಲಿ ಶೋಧ ನಡೆಯಿತು ನೆನಪಿಸಿಕೊಳ್ಳಿರಿ. ಒಂದು ಹುಲಿಗೆ ಇರುವುದು 18 ಉಗುರು. 2022ರ ಗಣತಿಯಂತೆ ಕರ್ನಾಟಕದಲ್ಲಿದ್ದ ಹುಲಿಗಳು 563. ನಮ್ಮ ಮದುವೆ ಮಂಟಪಗಳಲ್ಲಿ ಮಿನುಗುವ ಪದಕಗಳೆಲ್ಲ ನಿಜವಾದರೆ ಕಾಡಿನಲ್ಲಿ ಏನು ಉಳಿದೀತು? ಅವುಗಳಲ್ಲಿ ಬಹಳಷ್ಟು ನಕಲಿ ಎನ್ನುತ್ತೀರಾ? ನಕಲಿಯ ಮೋಹವೇ ಅಸಲಿಯ ಬೆಲೆಯನ್ನು ಏರಿಸುತ್ತದೆ.

ಅದೃಷ್ಟವೆಂಬ ಮರುಳು

ಜನರು ಇವನ್ನು ಏಕೆ ಕೊಳ್ಳುತ್ತಾರೆ? ಒಂದು, ಪ್ರತಿಷ್ಠೆ. ಮತ್ತೊಂದು, ಅದಕ್ಕಿಂತ ಅಪಾಯಕಾರಿಯಾದುದು, ಅದೃಷ್ಟದ ನಂಬಿಕೆ. ಆನೆಬಾಲದ ಕೂದಲಿನ ಉಂಗುರ ತೊಟ್ಟರೆ ದೃಷ್ಟಿ ತಾಗದಂತೆ! ‘ಎರಡು ತಲೆ ಹಾವು’ ಮನೆಯಲ್ಲಿದ್ದರೆ ಹಣ ಹರಿದು ಬರುತ್ತದಂತೆ! ಆ ಬಡಪಾಯಿ ಮಣ್ಣುಮುಕ್ಕ ಹಾವಿಗೆ ಇರುವುದು ಒಂದೇ ತಲೆ. ಮೊಂಡಾದ ಬಾಲ ತಲೆಯಂತೆ ಕಾಣುತ್ತದೆ, ಅಷ್ಟೆ. ಈ ಮೂಢನಂಬಿಕೆಯ ಹೆಸರಿನಲ್ಲಿ ಅದನ್ನು ಚೀಲದಲ್ಲಿ ತುಂಬಿ ಮಾರುವವರು ಬೆಂಗಳೂರಿನ ಸುತ್ತಮುತ್ತ ಮತ್ತೆ ಮತ್ತೆ ಸಿಕ್ಕಿಬೀಳುತ್ತಾರೆ.

ನಮ್ಮ ಮದ್ರಸಕ್ಕೆ ಬರುವ ಒಂದು ಪುಟ್ಟ ಹುಡುಗನ ಕೊರಳಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಉಗುರನ್ನು ಕಂಡು ಅವನ ತಾಯಿಯನ್ನು ವಿಚಾರಿಸಿದೆ. “ಹಜ್ರತ್, ಇವನು ರಾತ್ರಿ ಬೆಚ್ಚಿ ಬೀಳುತ್ತಿದ್ದ. ಇವನ ದಾದಿಯಮ್ಮ ಕಟ್ಟಿದ್ದು. ಬಿಚ್ಚಲು ನನಗೆ ಭಯ” ಎಂದರು. ಆ ತಾಯಿಯ ಭಯ ನಿಜವಾದುದು, ಅದನ್ನು ನಗೆಯಾಡಬಾರದು. ಆದರೆ ಯೋಚಿಸಿರಿ. ತನ್ನನ್ನೇ ಗುಂಡಿನಿಂದ ಉಳಿಸಿಕೊಳ್ಳಲಾಗದ ಹುಲಿಯ ಉಗುರು ನಿಮ್ಮ ಮಗುವನ್ನು ಕಾಯುವುದೇ? ಒಂಟೆಗಳ ಕೊರಳಿಗೆ ಕಟ್ಟಿದ್ದ ಬಿಲ್ಲಿನ ಹಗ್ಗದ ಹಾರಗಳನ್ನು ಕತ್ತರಿಸಿಹಾಕಲು ಪ್ರವಾದಿವರ್ಯರು(ಸ) ಪ್ರಯಾಣದಲ್ಲಿ ದೂತನನ್ನು ಕಳುಹಿಸಿದ್ದರು. ಅದು ದೃಷ್ಟಿ ತಾಗದಿರಲೆಂದು ಕಟ್ಟುತ್ತಿದ್ದ ಹಾರವೆಂದು ಇಮಾಮ್ ಮಾಲಿಕ್(ರ) ವಿವರಿಸಿದ್ದಾರೆ. ಹಾಗಾದರೆ ಮಗುವಿಗೆ ಏನು ಮಾಡಬೇಕು? ಪ್ರವಾದಿವರ್ಯರು(ಸ) ಮೊಮ್ಮಕ್ಕಳಾದ ಹಸನ್ ಮತ್ತು ಹುಸೈನ್(ರ)ರಿಗಾಗಿ ಅಲ್ಲಾಹನ ರಕ್ಷಣೆಯನ್ನು ಬೇಡುತ್ತಿದ್ದರು. ಇಬ್ರಾಹೀಮ್(ಅ) ತಮ್ಮ ಮಕ್ಕಳಿಗಾಗಿ ಹೀಗೆಯೇ ಬೇಡುತ್ತಿದ್ದರೆಂದೂ ತಿಳಿಸಿದರು. ಮಲಗುವ ಮುನ್ನ ಫಲಕ್ ಮತ್ತು ನಾಸ್ ಓದಿ ಮಗುವಿನ ಮೈಮೇಲೆ ಕೈಯಾಡಿಸಿರಿ. ಇದಕ್ಕೆ ಹಣವೂ ಬೇಡ, ಒಂದು ಜೀವದ ರಕ್ತವೂ ಬೇಡ.

ಫಿಕ್ಹ್ ಏನು ಹೇಳುತ್ತದೆ?

ದಂತದ ಬಳಕೆ ಹಲಾಲ್ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಇಮಾಮ್ ಅಬೂ ಹನೀಫಾ(ರ)ರ ಅಭಿಪ್ರಾಯದಲ್ಲಿ ಆನೆಯ ಮೂಳೆ, ದಂತ ಅಶುದ್ಧವಲ್ಲ. ಅವರ ಶಿಷ್ಯ ಇಮಾಮ್ ಮುಹಮ್ಮದ್(ರ)ರ ನಿಲುವು ಬೇರೆ. ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ ಅದು ಅಶುದ್ಧ. ಆದರೆ ಈ ಚರ್ಚೆ ವಸ್ತುವಿನ ಶುದ್ಧಿಯ ಕುರಿತದ್ದೇ ಹೊರತು ಅದು ಬಂದ ದಾರಿಯ ಕುರಿತದ್ದಲ್ಲ. ಕದ್ದು ತಂದ ಗೋಧಿ ಶುದ್ಧವೇ. ಆದರೆ ಅದರ ರೊಟ್ಟಿ ಹಲಾಲ್ ಆಗುತ್ತದೆಯೇ? ಕ್ರೂರಮೃಗಗಳ ಚರ್ಮದ ಬಳಕೆಯನ್ನಂತೂ, ಚಿರತೆಯ ಚರ್ಮದ ಮೇಲೆ ಸವಾರಿ ಮಾಡುವುದನ್ನೂ ಪ್ರವಾದಿವರ್ಯರು(ಸ) ತಡೆದುದು ಅಬೂದಾವೂದ್‌ನಲ್ಲಿ ಸ್ಪಷ್ಟವಾಗಿದೆ.

ಇಂದು ಆ ದಾರಿ ಪೂರ್ಣವಾಗಿ ಮುಚ್ಚಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆನೆ, ಹುಲಿ ಎರಡೂ ಮೊದಲನೆಯ ಅನುಸೂಚಿಯಲ್ಲಿವೆ. 1986ರ ತಿದ್ದುಪಡಿಯಿಂದ ಭಾರತದ ದಂತದ ವ್ಯಾಪಾರ ನಿಷಿದ್ಧವಾಯಿತು; 1991ರಲ್ಲಿ ಆಫ್ರಿಕಾದ ದಂತವೂ ನಿಷೇಧಕ್ಕೆ ಒಳಪಟ್ಟಿತು. ಅಪರಾಧಕ್ಕೆ ಮೂರರಿಂದ ಏಳು ವರ್ಷ ಸೆರೆವಾಸ, ದಂಡ ಬೇರೆ. ಮೈಸೂರಿನಲ್ಲಿ ಬೀಟೆಮರಕ್ಕೆ ದಂತದ ಚೂರುಗಳನ್ನು ಕೂರಿಸಿ ಚಿತ್ತಾರ ಮಾಡುತ್ತಿದ್ದ ಕುಶಲಕರ್ಮಿಗಳು ಬಣ್ಣಬಣ್ಣದ ಮರ ಮತ್ತು ಪ್ಲಾಸ್ಟಿಕ್‌ಗೆ ಬದಲಾದರು. ಕಲೆ ಉಳಿಯಿತು, ಆನೆಯೂ ಉಳಿಯಿತು. ಸೌಂದರ್ಯಕ್ಕೆ ಕೊಲೆ ಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ರೈತನ ಕಣ್ಣೀರೂ ಅಮಾನತ್ತೇ

ಆನೆಗಾಗಿ ಮಾತಾಡುವವನು ಮನುಷ್ಯನನ್ನು ಮರೆತರೆ ಅದೂ ಅನ್ಯಾಯ. ಕಾಡಿನಂಚಿನ ರೈತ ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ಕಳೆದುಕೊಳ್ಳುತ್ತಾನೆ, ಕೆಲವೊಮ್ಮೆ ಪ್ರಾಣವನ್ನೂ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷವಿಟ್ಟ ಹಸುವಿನ ಮಾಂಸ ತಿಂದು ಸತ್ತವು. ಹಸುವನ್ನು ಕಳೆದುಕೊಂಡ ಸಿಟ್ಟು ಅದರ ಹಿಂದಿತ್ತು.

ಇದಕ್ಕೂ ಕುರ್‌ಆನಿನಲ್ಲಿ ಮಾರ್ಗದರ್ಶನವಿದೆ. ಒಬ್ಬರ ಕುರಿಗಳು ರಾತ್ರಿ ನುಗ್ಗಿ ಇನ್ನೊಬ್ಬರ ಹೊಲ ಮೇಯ್ದ ವ್ಯಾಜ್ಯ ದಾವೂದ್ ಮತ್ತು ಸುಲೈಮಾನ್(ಅ)ರ ಮುಂದೆ ಬಂತು (21:78). ಹೊಲ ಮತ್ತೆ ಚಿಗುರುವವರೆಗೆ ಕುರಿಗಳ ಹಾಲು, ಉಣ್ಣೆಗಳ ಲಾಭ ಹೊಲದವನಿಗೆ ಸಿಗಲಿ, ಆಮೇಲೆ ಕುರಿಗಳು ಒಡೆಯನಿಗೆ ಮರಳಲಿ ಎಂದು ಸುಲೈಮಾನ್(ಅ) ತೀರ್ಮಾನಿಸಿದರೆಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ನಷ್ಟವಾದವನಿಗೆ ಪರಿಹಾರವೂ ಸಿಕ್ಕಿತು, ಪ್ರಾಣಿಗಳೂ ಉಳಿದವು. ರೈತನಿಗೆ ತಡವಿಲ್ಲದೆ ಪರಿಹಾರ ಸಿಗಬೇಕೆಂದು ಒತ್ತಾಯಿಸುವುದು ವನ್ಯಜೀವಿ ರಕ್ಷಣೆಯ ಒಂದು ಭಾಗ. ಪ್ರವಾದಿವರ್ಯರು(ಸ) ಮದೀನಾದ ಸುತ್ತ ಹನ್ನೆರಡು ಮೈಲು ಪ್ರದೇಶವನ್ನು ‘ಹಿಮಾ’ ಅಂದರೆ ರಕ್ಷಿತ ನೆಲವಾಗಿ ಮಾಡಿದ್ದರು. ಅಲ್ಲಿ ಮೇಯುವ ಜಿಂಕೆಗಳನ್ನು ಕಂಡರೂ ತಾನು ಬೆದರಿಸಲಾರೆ ಎಂಬ ಅರ್ಥದ ಮಾತನ್ನು ಹ. ಅಬೂ ಹುರೈರಾ(ರ) ಆಡಿದ್ದಾರೆ. ನಮ್ಮ ಬನ್ನೇರುಘಟ್ಟ, ಬಂಡೀಪುರ, ನಾಗರಹೊಳೆಗಳನ್ನು ಆ ಕಣ್ಣಿನಿಂದ ನೋಡಿರಿ.

ನಾವು ಮಾಡಬೇಕಾದುದು

ಮೊದಲು ನಿಮ್ಮ ಮನೆಯ ಪೆಟ್ಟಿಗೆ ತೆರೆದು ನೋಡಿರಿ. ಅಜ್ಜ ಅಜ್ಜಿಯರ ಕಾಲದ ದಂತದ ಬಳೆ, ಹುಲಿಯುಗುರು, ಕೊಂಬು ಇದ್ದರೆ ಮಾರಬೇಡಿರಿ, ಉಡುಗೊರೆ ಕೊಡಬೇಡಿರಿ. ವಾರಸಿನಿಂದ ಬಂದುದಕ್ಕೂ ಅರಣ್ಯ ಇಲಾಖೆಯ ಒಡೆತನ ಪತ್ರ ಇರಬೇಕು. ಇಲ್ಲದಿದ್ದರೆ ಬಲ್ಲ ವಕೀಲರನ್ನು ಕೇಳಿಕೊಂಡು ಇಲಾಖೆಯ ಮುಂದೆ ಹೋಗಿರಿ.

ಮೊಬೈಲಿನಲ್ಲಿ ಇಂಥ ವಸ್ತು ಮಾರಾಟಕ್ಕಿದೆಯೆಂಬ ಸಂದೇಶ ಬಂದರೆ ಕುತೂಹಲಕ್ಕೂ ಬೆಲೆ ಕೇಳಬೇಡಿರಿ. ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿರಿ. ಕೆಡುಕನ್ನು ಕಂಡು ತಡೆಯುವುದು ವಿಶ್ವಾಸದ ಬೇಡಿಕೆ.

ರಜೆಯಲ್ಲಿ ಊಟಿಗೆ ಹೊರಟ ಯುವಕರೇ, ಬಂಡೀಪುರದ ರಸ್ತೆಯಲ್ಲಿ ಆನೆ ಕಂಡರೆ ಫೋಟೋಗಾಗಿ ಇಳಿಯಬೇಡಿರಿ, ತಿನಿಸು ಎಸೆಯಬೇಡಿರಿ. 2009ರಿಂದ ಅಲ್ಲಿರುವ ರಾತ್ರಿ ಸಂಚಾರ ನಿಷೇಧವನ್ನು ತೊಂದರೆಯೆಂದು ತಿಳಿಯಬೇಡಿರಿ. ಅದು ಅವುಗಳ ಮನೆ.

ತಾಯಂದಿರೇ, ಮಕ್ಕಳು ಅಲ್‌ಫೀಲ್ ಅಧ್ಯಾಯ ಒಪ್ಪಿಸುವಾಗ ಮಂಡಿಯೂರಿದ ಆ ಆನೆಯ ಕಥೆಯನ್ನೂ ಹೇಳಿರಿ.

ಕಾರಣವಿಲ್ಲದೆ ಕೊಂದ ಒಂದು ಗುಬ್ಬಚ್ಚಿಯ ಬಗ್ಗೆಯೂ ಪುನರುತ್ಥಾನ ದಿನ ವಿಚಾರಣೆ ಇದೆಯೆಂದು ನಸಾಈ ವರದಿ ಮಾಡಿದ ಹದೀಸ್ ಎಚ್ಚರಿಸುತ್ತದೆ. ಗುಬ್ಬಚ್ಚಿ ದೂರು ಕೊಡುವ ಆ ನ್ಯಾಯಾಲಯದಲ್ಲಿ ಆನೆಯೂ ಬಂದು ನಿಂತೀತು. ಗುಂಡು ಹಾರಿಸಿದವನನ್ನು ತೋರಿಸಿದ ಮೇಲೆ ಅದು ತನ್ನ ದಂತ ಯಾರ ಮನೆಯಲ್ಲಿತ್ತೆಂದು ಹೇಳಿದರೆ, ಆ ಮನೆ ನಮ್ಮದಾಗದಿರಲಿ.

ಓ ಅಲ್ಲಾಹ್, ನೀನು ನಮ್ಮ ವಶಕ್ಕೆ ಕೊಟ್ಟುದರಲ್ಲಿ ನಮ್ಮನ್ನು ಪ್ರಾಮಾಣಿಕರನ್ನಾಗಿ ಮಾಡು. ಮಾತಿಲ್ಲದ ಜೀವಿಗಳ ಮೊರೆಗೆ ನಮ್ಮನ್ನು ಗುರಿ ಮಾಡಬೇಡ. ನಮ್ಮ ಸಂಪಾದನೆಯನ್ನೂ ಖರ್ಚನ್ನೂ ನಿರ್ಮಲವಾಗಿಡು. ಆಮೀನ್.